ಉಳಿದುಹೋಗುವವರಿಗೆ

ಕೆಲಸದಿಂದ ಬಂದವನೇ ಬೂಟನ್ನು ಮಂಚದ ಕೆಳಗೆ ತಳ್ಳಲು ಹೋದ ಡ್ರೈವರನ ಕಾಲ್ಬೆರಳು ಕಲ್ಲಿನಂಥ ಮೂಟೆಯೊಂದಕ್ಕೆ ಬಡಿಯಿತು. ಬಗ್ಗಿ ನೋಡಿದ. ಉಪ್ಪು. ಅದರ ಹಿಂದೆ ಅಕ್ಕಿ, ಅಕ್ಕಿಯ ಹಿಂದೆ ಬೇಳೆ, ಗೋಡೆಗೆ ಒತ್ತಿಕೊಂಡು ಬೆಂಕಿಪೊಟ್ಟಣದ ಕಟ್ಟುಗಳು.

“ಏನೇ ಇದು? ಮನೇನೋ ಗೋದಾಮೋ?”

ಅವನ ಹೆಂಡತಿ ಕಿಟಕಿಯ ಪಕ್ಕದ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಶಾಲೆಯ ಅಂಗಿ, ಗೌನು, ದಿಂಬಿನ ಚೀಲ, ಏನು ಕೊಟ್ಟರೂ ಹೇಳಿದ ದಿನಕ್ಕೆ ಹೊಲಿದುಕೊಡುವ ಕೈ.

“ಇರಲಿ ಬಿಡಿ, ಬೇಕಾಗುತ್ತೆ.”

“ಯಾರಿಗೆ? ಇಡೀ ಬೀದಿಗೆ ಉಪ್ಪಿನಕಾಯಿ ಹಾಕೋಷ್ಟಿದೆ!”

ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಟೈಲರಮ್ಮ ಕೆಲವು ತಿಂಗಳಿಂದ ಹಳೆಯ ಚರ್ಚನ್ನು ಬಿಟ್ಟು, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಸೇರುವ ಸಣ್ಣ ಸಭೆಗೆ ಹೋಗುತ್ತಿದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ. ಅಲ್ಲಿನ ಪಾಸ್ಟರ್ ಸತ್ಯವೇದದ ವರ್ಷಗಳನ್ನೆಲ್ಲ ಕೂಡಿ ಕಳೆದು ಒಂದು ದಿನ ಗೊತ್ತುಮಾಡಿದ್ದ. ಬೇಸಿಗೆಯ ಕೊನೆಯ ಭಾನುವಾರ. ಆ ದಿನ ತುತೂರಿ ಊದುತ್ತದೆ, ನಂಬಿದವರು ಇದ್ದಲ್ಲಿಂದಲೇ ಮೇಲಕ್ಕೆ ಎತ್ತಲ್ಪಡುತ್ತಾರೆ, ನಂಬದವರ ಪಾಲಿಗೆ ಸಂಕಟಕಾಲ ಶುರುವಾಗುತ್ತದೆ.

ಅಳಿಯ ತುತ್ತು ಬಾಯಿಗಿಡುವುದನ್ನು ನಿಲ್ಲಿಸಿದ. ಅವನು ವೈರಿಂಗ್ ಕೆಲಸದವನು. ಮದುವೆಯಾದ ಮೇಲೆ ಬೇರೆ ಮನೆ ಸಿಗುವವರೆಗೆ ಎಂದು ಇಲ್ಲಿ ಬಂದು ಉಳಿದವನು, ಇನ್ನೂ ಹುಡುಕುತ್ತಲೇ ಇದ್ದ.

“ಅಲ್ಲಾ ಅತ್ತೆ, ಮೇಲೆ ಹೋಗೋರಿಗೆ ಇಷ್ಟೊಂದು ಉಪ್ಪು ಯಾಕೆ? ಅಲ್ಲಿ ಊಟ ಸಪ್ಪೆನಾ?”

ಅಜ್ಜಿಗೆ, ಅಂದರೆ ಡ್ರೈವರನ ತಾಯಿಗೆ, ನಗು ತಡೆಯಲಾರದೆ ಅನ್ನ ನೆತ್ತಿಗೇರಿತು. ಟೈಲರಮ್ಮ ಎದ್ದು ಅವರ ಬೆನ್ನು ತಟ್ಟಿ ನೀರು ಕುಡಿಸಿದಳು. ಆಮೇಲೆ ಹೇಳಿದಳು.

“ಅದು ನನಗಲ್ಲ ಅಳಿಯಂದ್ರೆ. ಉಳಿದುಹೋಗೋರಿಗೆ. ನಿಮಗೆ.”

ಯಾರೂ ನಗಲಿಲ್ಲ. ಮಗಳು ಪುಟ್ಟಿ ತುಂಬಿದ ಬಸುರಿ. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ತಟ್ಟೆಯನ್ನೇ ನೋಡುತ್ತ ಕೂತಳು. ಡ್ರೈವರಿಗೆ ಮಾತ್ರ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅಂದ್ರೆ, ನೀನು ಹೋಗ್ತೀಯ. ನಾನು ಹೋಗಲ್ಲ.”

“ನೀವು ಪ್ರಾರ್ಥನೆಗೆ ಬಂದ್ರೆ ತಾನೇ? ನಾನೆಷ್ಟು ಸಲ ಕರೆದಿದ್ದೀನಿ?”

“ಇಷ್ಟು ವರ್ಷ ಸಂಸಾರ ಮಾಡಿ ಕಡೆಗೆ ನನಗೆ ಒಂದು ಮೂಟೆ ಉಪ್ಪು!”

“ಅಕ್ಕೀನೂ ಇದೆ” ಎಂದಳು ಟೈಲರಮ್ಮ, ತಪ್ಪು ತಿದ್ದುವವಳಂತೆ.

ಆ ವಾರದಿಂದ ಡ್ರೈವರಿಗೆ ಅಡುಗೆ ಪಾಠ ಆರಂಭವಾಯಿತು. ಬೆಳಗಿನಿಂದ ಬಸ್ಸಿನ ಸ್ಟೇರಿಂಗ್ ತಿರುಗಿಸಿ ಸೋತು ಬಂದವನನ್ನು ಅವಳು ಒಲೆಯ ಮುಂದೆ ನಿಲ್ಲಿಸುತ್ತಿದ್ದಳು. ಅಕ್ಕಿ ತೊಳೆಯುವುದು, ನೀರನ್ನು ಬೆರಳಿನ ಗೆರೆಯಲ್ಲಿ ಅಳೆಯುವುದು, ಬೇಳೆ ಉಕ್ಕುವ ಮೊದಲೇ ಉರಿ ತಗ್ಗಿಸುವುದು. ಅವನು ಬೈದುಕೊಂಡೇ ಮಾಡುತ್ತಿದ್ದ. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ಗಂಜಿಯಾಯಿತು.

“ಇದನ್ನ ತಿನ್ನೋದೇ ಸಂಕಟಕಾಲ” ಎಂದರು ಅಜ್ಜಿ.

“ನಗಬೇಡಿ ಅತ್ತೆ. ನಿಮಗೆ ಸ್ನಾನ ಮಾಡಿಸೋರು ಯಾರು, ಮಾತ್ರೆ ಕೊಡೋರು ಯಾರು ಅಂತ ನನಗೆ ನಿದ್ದೆ ಬರ್ತಿಲ್ಲ. ರೀ, ಕೇಳಿಸ್ಕೊಳ್ಳಿ. ಬಿಳಿ ಮಾತ್ರೆ ಊಟಕ್ಕೆ ಮುಂಚೆ. ಹಳದಿ ಊಟ ಆದ ಮೇಲೆ.”

“ನೀನಿರ್ತೀಯಲ್ಲ, ನೀನೇ ಕೊಡು!”

“ನಾನಿರಲ್ಲ ಅಂತ ತಾನೇ ಹೇಳ್ತಿರೋದು?”

ಅಜ್ಜಿ ಏನೂ ದೇವರನ್ನು ನಂಬದವರಲ್ಲ. ಹಳೆಯ ಚರ್ಚಿನ ಮುಂದಿನ ಬೆಂಚಿನಲ್ಲಿ ಅವರ ಜಾಗದಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಆದರೆ ಈ ಗಡುವಿನ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು.

“ನಾನು ಮದುವೆಯಾಗಿ ಬಂದ ವರ್ಷವೂ ಒಬ್ಬ ಹೀಗೇ ದಿನ ಇಟ್ಟಿದ್ದ. ನಮ್ಮ ಮಾವ, ಇನ್ನು ಯಾಕೆ ಅಂತ ಗೂಡಿನ ಕೋಳಿಗಳನ್ನೆಲ್ಲ ಬಿಟ್ಟುಬಿಟ್ಟರು. ಲೋಕ ಮುಗೀಲಿಲ್ಲ, ಕೋಳಿ ಮುಗಿದವು. ಪಕ್ಕದ ಮನೆಯವರು ತಿಂಗಳುಗಟ್ಟಲೆ ತಿಂದರು. ಆ ದಿನ ಮೇಲಿರೋ ದೂತರಿಗೇ ಗೊತ್ತಿಲ್ಲವಂತೆ ಕಣೇ, ಹಾರ್ಡ್‌ವೇರ್ ಅಂಗಡಿ ಮೇಲಿರೋನಿಗೆ ಗೊತ್ತಾಯ್ತಾ?”

“ದಿನ ಗೊತ್ತಾಗಲ್ಲ ಅಂದಿದ್ದು ಆ ಕಾಲದೋರಿಗೆ ಅತ್ತೆ. ಈಗ ಗುರುತೆಲ್ಲ ಕಾಣ್ತಿದೆಯಲ್ಲ? ಭೂಕಂಪ, ಯುದ್ಧ, ರೋಗ...”

“ಅದೆಲ್ಲ ನಾನು ಹುಟ್ಟಿದಾಗಿಂದ ಇದೆ. ನಿನಗೆ ಈಗ ಕಾಣ್ತು ಅಷ್ಟೆ.”

ಇಷ್ಟೇ ಆಗಿದ್ದರೆ ಮನೆ ಹೇಗೋ ಬೇಸಿಗೆ ದಾಟುತ್ತಿತ್ತು. ಅಡುಗೆಮನೆಯ ಸ್ವಿಚ್ ಬೋರ್ಡು ಕಿಡಿ ಹಾರಿಸುತ್ತಿತ್ತು. ಬದಲಾಯಿಸಲು ಹೋದ ಅಳಿಯನಿಗೆ “ಇನ್ನೆಷ್ಟು ದಿನ, ಬಿಡಿ” ಎಂದಳು ಟೈಲರಮ್ಮ. ಅವನು “ಉಳಿಯೋರಿಗೆ ದೀಪ ಬೇಡ್ವಾ ಅತ್ತೆ?” ಎಂದು ಹೇಳಿ ಬದಲಾಯಿಸಿಯೇಬಿಟ್ಟ. ಆದರೆ ಪುಟ್ಟಿಯ ಬಟ್ಟೆಯ ವಿಷಯ ಹಾಗೆ ತಮಾಷೆಯಲ್ಲಿ ಮುಗಿಯಲಿಲ್ಲ.

ಪುಟ್ಟಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಮೆತ್ತನೆಯ ಹತ್ತಿ ಬಟ್ಟೆ ತಂದು ಯಂತ್ರದ ಮೇಲಿಟ್ಟಳು. ಮಗುವಿಗೆ ಅಂಗಿ, ಟೋಪಿ, ಸುತ್ತುಬಟ್ಟೆ. ಬೀದಿಯಲ್ಲಿ ಹುಟ್ಟಿದ ಅರ್ಧ ಮಕ್ಕಳ ಮೊದಲ ಅಂಗಿ ಟೈಲರಮ್ಮನ ಕೈಯದೇ. ತನ್ನ ಮೊಮ್ಮಗುವಿನದನ್ನು ಹೇಳಿಸಿಕೊಂಡು ಹೊಲಿಯುವವಳೇ? ಆದರೆ ಆ ಬಟ್ಟೆ ಇಟ್ಟಲ್ಲೇ ಇತ್ತು. ಗಿರಾಕಿಗಳ ಬಟ್ಟೆ ಅದರ ಪಕ್ಕದಿಂದ ಬಂದು ಹೋಗುತ್ತಿತ್ತು. ಒಂದು ದಿನ ಅದು ಯಂತ್ರದಿಂದ ಇಳಿದು ಸ್ಟೂಲಿನ ಮೇಲೆ ಬಂತು. ಇನ್ನೊಂದು ದಿನ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಕೂತಿತ್ತು. ಅದನ್ನು ನೋಡಿದ ದಿನ ಪುಟ್ಟಿಯ ತಾಳ್ಮೆ ತಪ್ಪಿತು.

“ಅಮ್ಮ, ಯಾವಾಗ ಹೊಲೀತೀಯ?”

“ನೋಡೋಣ.”

“ಏನು ನೋಡೋದು? ಪಕ್ಕದ ಮನೆಯವಳ ಪರದೆ ಹೊಲಿಯೋಕೆ ಟೈಮಿದೆ. ಅವಳ ಕಿಟಕಿಗೂ ಪ್ರಳಯ ಬರಲ್ವಾ?”

“ಅದು ಒಪ್ಪಿಕೊಂಡ ಕೆಲಸ. ಬಾಕಿ ಇಟ್ಟು ಹೋಗಬಾರದು.”

“ನನ್ನದು?”

ಟೈಲರಮ್ಮ ಕತ್ತರಿಯನ್ನು ಕೆಳಗಿಟ್ಟಳು. “ನಿನಗೆ ಹೆರಿಗೆ ಆಗೋದು ಆ ಭಾನುವಾರ ಕಳೆದ ಮೇಲೆ.”

“ಅದಕ್ಕೆ?”

“ಹಾಳು ಬಾಯಲ್ಲಿ ನನ್ನಿಂದ ಯಾಕೆ ಹೇಳಿಸ್ತೀಯೇ?”

“ಹೇಳು. ಇವತ್ತು ಹೇಳಲೇಬೇಕು.”

ಬಾಗಿಲಲ್ಲಿ ಅಳಿಯ ಬಂದು ನಿಂತಿದ್ದ. ಡ್ರೈವರು ಕೈಯಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಇಣುಕಿದ. ಟೈಲರಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು.

“ಹಸುಗೂಸುಗಳನ್ನೆಲ್ಲ ಕರ್ತನು ಕರ್ಕೊಂಡುಬಿಡ್ತಾನೆ. ಹೊಟ್ಟೇಲಿರೋದನ್ನೂ. ಪಾಸ್ಟರ್‌ನ ಕೇಳಿದೆ. ತಾಯಿ ನಂಬದೇ ಇದ್ರೆ ತಾಯಿ ಮಾತ್ರ ಉಳೀತಾಳೆ. ಅದಕ್ಕೇ ನಿನಗೆ ಹೇಳ್ತಿರೋದು, ಬಾ, ನನ್ನ ಜೊತೆ ಒಂದು ಸಲ ಮೊಣಕಾಲೂರು ಅಂತ. ನಿನ್ನ ಹೊಟ್ಟೆ ಒಂದೇ ಸಲ ಬರಿದಾಗೋದನ್ನ ನೆನೆಸ್ಕೊಂಡು ನಾನು ಯಾವ ಕೈಯಲ್ಲಿ ಅಂಗಿ ಹೊಲೀಲಿ?”

ಪುಟ್ಟಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಬಟ್ಟೆಯನ್ನು ಎದೆಗೆ ಅವುಚಿಕೊಂಡಳು. ಕಿರುಚುತ್ತಾಳೆಂದುಕೊಂಡಿದ್ದರು, ಕಿರುಚಲಿಲ್ಲ.

“ನನ್ನ ಹೊಟ್ಟೆಗೆ ಕೈ ಹಾಕೋ ದೇವರು ನನಗೆ ಬೇಡಮ್ಮ. ಅದನ್ನ ಮಾತ್ರೆ ಊಟಕ್ಕೆ ಮುಂಚೆ, ಊಟ ಆದ ಮೇಲೆ ಅನ್ನೋ ಹಾಗೆ ಹೇಳೋ ಅಮ್ಮನೂ ಬೇಡ.”

ಮೂರನೆಯ ದಿನ ಅಳಿಯನಿಗೆ ಮನೆ ಸಿಕ್ಕಿತು. ಮನೆಯೇನಲ್ಲ, ಬೇಕರಿಯ ಮಹಡಿಯಲ್ಲಿ ಒಂದು ಕೋಣೆ, ಮೂಲೆಯಲ್ಲಿ ಒಲೆ, ಹೊರಗೆ ನಲ್ಲಿ. ಡ್ರೈವರು ತಾನೇ ಹಾಸಿಗೆ ಹೊತ್ತು ಕೊಟ್ಟು ಬಂದ. ಬಂದವನು ಹೆಂಡತಿಯ ಮುಂದೆ ನಿಂತು ಕೂಗಾಡಿದ. ಅವಳು ಅಳುತ್ತಲೇ ಅಕ್ಕಿ ಆರಿಸಿದಳು. ಅಳು ನಿಲ್ಲಲಿಲ್ಲ, ಮಾತು ಹಿಂತೆಗೆದುಕೊಳ್ಳಲೂ ಇಲ್ಲ.

ಕಡೆಗೆ ಡ್ರೈವರು ರಜೆ ಹಾಕಿ ಪಾಸ್ಟರನ್ನೇ ನೋಡಲು ಹೋದ. ಹೋಗುವಾಗ ಅಂಗಿಯ ತೋಳು ಮಡಚಿಕೊಂಡು ಹೋದವನು ಬರುವಾಗ ಭುಜ ಇಳಿಬಿಟ್ಟುಕೊಂಡು ಬಂದ.

“ಏನಂದ?” ಕೇಳಿದರು ಅಜ್ಜಿ.

“ಏನೂ ಅನ್ನಲಿಲ್ಲ. ಕಸ ಗುಡಿಸ್ತಾ ಇದ್ದ. ನನಗೆ ಕುರ್ಚಿ ಕೊಟ್ಟ. ತಾನು ಬಾಡಿಗೆ ಮನೆ ಬಿಟ್ಟುಬಿಟ್ಟಿದ್ದಾನಂತೆ, ಇನ್ನು ಬೇಕಾಗಲ್ಲ ಅಂತ. ಹೆಂಡ್ತಿ ಮಕ್ಕಳ ಜೊತೆ ಅಲ್ಲೇ ಚಾಪೆ ಹಾಕ್ಕೊಂಡು ಮಲಗ್ತಾನೆ. ನನ್ನ ಕೈ ಹಿಡ್ಕೊಂಡು ನನಗೋಸ್ಕರ ಪ್ರಾರ್ಥನೆ ಮಾಡಿದ.”

“ಎರಡು ಬಾರಿಸಿ ಬರ್ತೀನಿ ಅಂದಿದ್ದೆಯಲ್ಲ?”

“ಕಳ್ಳನಾಗಿದ್ರೆ ಬಾರಿಸ್ತಿದ್ದೆ ಕಣಮ್ಮ. ಅವನು ನಿಜವಾಗಿ ನಂಬಿದ್ದಾನೆ! ಅಂಥವನನ್ನ ಏನು ಮಾಡ್ಲಿ?”

ಆ ಭಾನುವಾರದ ಹಿಂದಿನ ದಿನಗಳಲ್ಲಿ ಟೈಲರಮ್ಮ ಗಿರಾಕಿಗಳ ಬಟ್ಟೆಯೆಲ್ಲ ಮುಗಿಸಿ ಮನೆಮನೆಗೆ ಮುಟ್ಟಿಸಿದಳು. ಯಂತ್ರಕ್ಕೆ ಎಣ್ಣೆ ಬಿಟ್ಟು ಒರೆಸಿ ಹಳೆಯ ದುಪ್ಪಟಿ ಹೊದಿಸಿದಳು. ಅಜ್ಜಿಯ ಉಗುರು ಕತ್ತರಿಸಿದಳು. ಗಂಡನ ಅಂಗಿಗಳಲ್ಲಿ ಸಡಿಲವಾಗಿದ್ದ ಗುಂಡಿಗಳನ್ನು ಹುಡುಕಿ ಹುಡುಕಿ ಬಿಗಿದಳು. ಡ್ರೈವರಿಗೆ ಅವಳ ಮೇಲಿನ ಸಿಟ್ಟು ದಿನದಿನಕ್ಕೆ ಹೆಚ್ಚಿತು. ಬಿಟ್ಟುಹೋಗುವವಳು ಇಷ್ಟು ಅಕ್ಕರೆಯಿಂದ ಬಿಟ್ಟುಹೋದರೆ ಜಗಳವಾಡುವುದಾದರೂ ಹೇಗೆ?

ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆ ಉಟ್ಟು ಬಾಗಿಲಿಗೆ ಬಂದಳು.

“ಹೋಗ್ತೀನಿ ಅತ್ತೆ.”

“ಹೋಗ್ತೀನಿ ಅನ್ನಬಾರದು ಕಣೇ, ಹೋಗ್ಬರ್ತೀನಿ ಅನ್ನು.”

ಟೈಲರಮ್ಮನ ತುಟಿ ಅಲುಗಿತು. ಹೋಗ್ಬರ್ತೀನಿ ಎಂದರೆ ನಂಬಿಕೆ ಇಲ್ಲವೆಂದಾಯಿತು. ಹೋಗ್ತೀನಿ ಎಂದರೆ ಈ ಮುದುಕಿಯ ಮುಖ ನೋಡಲಾಗುವುದಿಲ್ಲ. ಹೊಸ್ತಿಲಲ್ಲಿ ನಿಂತೇ ಇದ್ದಳು.

“ಏನಾದ್ರೂ ಒಂದು ಅಂದು ಹೊರಡು, ನೊಣ ಒಳಗೆ ಬರ್ತಿದೆ” ಎಂದ ಡ್ರೈವರು ಒರಟಾಗಿ. ಅವಳು ಏನೂ ಅನ್ನದೆ ಮೆಟ್ಟಿಲಿಳಿದಳು.

ಮಧ್ಯಾಹ್ನ ಅವನೇ ಅನ್ನ ಬೇಳೆ ಮಾಡಿ ತಾಯಿಗೆ ಬಡಿಸಿದ. ಬಿಳಿ ಮಾತ್ರೆ ಮೊದಲು, ಹಳದಿ ಆಮೇಲೆ. ಬೀದಿಯಲ್ಲಿ ಹಾರ್ನ್ ಕೇಳಿಸಿದಾಗೆಲ್ಲ ಅಜ್ಜಿ ಮಗನ ಮುಖ ನೋಡುತ್ತಿದ್ದರು, ಮಗ ಕಿಟಕಿ ನೋಡುತ್ತಿದ್ದ. ಬಿಸಿಲು ಇಳಿಯಿತು. ಸಭೆಗೆ ಹೋಗಿದ್ದ ಎದುರು ಮನೆಯ ದಂಪತಿ ತಲೆ ತಗ್ಗಿಸಿಕೊಂಡು ವಾಪಸು ಬಂದು ಬೀಗ ತೆಗೆದರು. ಟೈಲರಮ್ಮ ಬರಲಿಲ್ಲ.

ಡ್ರೈವರು ಅಂಗಿ ಹಾಕಿಕೊಂಡು ಹೊರಟ. ಮಹಡಿಯಲ್ಲಿ ಕೆಲವರು ಗೋಡೆಗೊರಗಿ ಕೂತಿದ್ದರು. ಪಾಸ್ಟರ್ ಮೂಲೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಪುಟ ತಿರುವುತ್ತಿದ್ದ, ಎಲ್ಲೋ ಒಂದು ಕಡೆ ಕೂಡುವಾಗ ತಪ್ಪಾಗಿರಬೇಕು ಎನ್ನುತ್ತಿದ್ದ. ಟೈಲರಮ್ಮ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಡ್ರೈವರು ದಾರಿಯುದ್ದಕ್ಕೂ ಹತ್ತಾರು ಮಾತು ಜೋಡಿಸಿಕೊಂಡು ಬಂದಿದ್ದ. ಅವಳ ಮುಖ ನೋಡಿ ಒಂದೂ ನೆನಪಾಗಲಿಲ್ಲ.

“ಅನ್ನ ಇದೆ. ಬಾ” ಎಂದ.

ಮರುದಿನದಿಂದ ಬೀದಿ ತನ್ನ ಕೆಲಸ ಮಾಡಿತು. “ಏನು ಟೈಲರಮ್ಮ, ಮೇಲೆ ಸೀಟು ಸಿಗಲಿಲ್ವಾ?” ಎಂದು ಕಿಟಕಿಯಲ್ಲೇ ಕೇಳಿದ ಗಿರಾಕಿ ಹೊಲಿಗೆಗೆ ತಂದಿದ್ದ ಪ್ಯಾಂಟನ್ನು ಡ್ರೈವರು ಅವನ ಮುಖಕ್ಕೇ ಎಸೆದ. ಮನೆಯೊಳಗೆ ಹೆಂಡತಿಯನ್ನು ಬೈಯುವ ಹಕ್ಕು ತನ್ನೊಬ್ಬನದೇ ಎಂಬಂತಿತ್ತು ಅವನ ವರಸೆ. ಆ ಹಕ್ಕನ್ನು ಅವನು ಆ ವಾರಾಂತ್ಯಕ್ಕೇ ಬಳಸಿಕೊಂಡ. ಟೈಲರಮ್ಮ ಚಹಾ ಕೊಡುತ್ತ, ಪಾಸ್ಟರ್ ಲೆಕ್ಕ ಸರಿಮಾಡಿದ್ದಾರೆ, ಹೊಸ ದಿನ ಹೇಳಿದ್ದಾರೆ ಎಂದಳು.

“ಹೊಸ ದಿನಾ!” ಲೋಟದ ಚಹಾ ಅಂಗಿಯ ಮೇಲೆ ಚೆಲ್ಲಿತು. “ನನ್ನ ಬಸ್ಸು ಸ್ವಲ್ಪ ತಡವಾದ್ರೆ ಜನ ಕಾಲರ್ ಹಿಡ್ಕೊಂಡು ಕೇಳ್ತಾರೆ. ನಿಮ್ಮವನನ್ನ ಕೇಳೋರೇ ಇಲ್ವೇನೇ? ಮಗಳು ಮನೆ ಬಿಟ್ಟು ಹೋದ್ಲು. ತುಂಬಿದ ಹೊಟ್ಟೆ ಹೊತ್ಕೊಂಡು ಮಹಡಿ ಹತ್ತಿ ಇಳೀತಿದ್ದಾಳೆ. ಆ ಲೆಕ್ಕ ಯಾರು ಸರಿಮಾಡ್ತಾರೆ?”

“ನಾನು ಹೋಗ್ತೀನಿ ಅಂದ್ನಾ? ಹೇಳಿದ್ದಾರೆ ಅಂದೆ ಅಷ್ಟೆ.”

“ಹೋಗ್ತೀಯೋ ಇಲ್ವೋ?”

“ಗೊತ್ತಿಲ್ಲ.”

ಅಜ್ಜಿ ಗೋಡೆ ಹಿಡಿದು ಎದ್ದು ನಿಂತರು. “ನೀನು ಕೂಗಬೇಡ ಕಣೋ, ಕೂಗಿದ್ದು ಸಾಕು. ನೀನು ಅಳಬೇಡ ಕಣೇ, ಅದೂ ಸಾಕು. ಆ ಪಾಸ್ಟರ್ ಮಹಡಿ ಮೆಟ್ಟಿಲು ಹತ್ತೋಕೆ ಕಾಲಿತ್ತಲ್ಲ ನಿನಗೆ? ಬೇಕರಿ ಮಹಡಿಗೂ ಮೆಟ್ಟಿಲಿದೆ. ಹೋಗು.”

ಟೈಲರಮ್ಮ ಹೋದಾಗ ಪುಟ್ಟಿ ಒಬ್ಬಳೇ ಇದ್ದಳು. ಬಾಗಿಲು ತೆರೆದಳು, ಆದರೆ ದಾರಿ ಬಿಡಲಿಲ್ಲ. ಕೆಳಗಿನಿಂದ ಬ್ರೆಡ್ಡು ಬೇಯುವ ವಾಸನೆ ಮೆಟ್ಟಿಲ ಮೇಲೆಲ್ಲ ತುಂಬಿತ್ತು.

“ಲೋಕ ಇನ್ನೂ ಇದೆ ಅಂತ ಹೇಳೋಕೆ ಬಂದ್ಯಾ?”

“ನಿನ್ನ ಕಾಲು ಊದಿದೆ.”

“ಅದು ಬಿಡು. ನಾನೊಂದು ಕೇಳ್ತೀನಿ, ನಿಜ ಹೇಳು. ನನ್ನನ್ನ ಈ ಸ್ಥಿತೀಲಿ ಬಿಟ್ಟು ಹೋಗೋಕೆ ನಿನಗೆ ಮನಸ್ಸಿತ್ತಾ? ಖುಷಿಯಾಗಿ ಬಿಳಿ ಬಟ್ಟೆ ಉಟ್ಕೊಂಡು?”

ಟೈಲರಮ್ಮ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

“ಎಲ್ಲರೂ ಎದ್ದು ನಿಂತು ಕೈ ಮೇಲೆತ್ತಿ, ಬಾ ಕರ್ತನೇ ಬಾ ಅಂತ ಕೂಗ್ತಿದ್ರು. ನಾನೂ ಎದ್ದೆ. ಆಮೇಲೆ ಕೂತುಬಿಟ್ಟೆ. ಬಾಗಿಲ ಹತ್ರ ಹೋಗಿ ಕೂತೆ. ನನ್ನನ್ನ ಇಲ್ಲೇ ಬಿಟ್ಟುಬಿಡು, ಇವತ್ತು ಬೇಡ, ಇನ್ನೊಂದಿಷ್ಟು ದಿನ ತಡಿ ಅಂತ ಕೇಳ್ಕೊಂಡೆ. ಪಾಪ, ಆ ಜನ ಮನೆ ಮಠ ಬಿಟ್ಟು ಕಾಯ್ತಿದ್ರು, ನಾನೊಬ್ಬಳು ಹೀಗೆ ಬೇಡ್ಕೊಂಡೆ. ನನ್ನ ದೆಸೆಯಿಂದಲೇ ಬರಲಿಲ್ವೇನೋ ಅಂತ...”

ಪುಟ್ಟಿ ತಾಯಿಯನ್ನೇ ನೋಡಿದಳು. ನಗು ಬಂತೋ ಅಳು ಬಂತೋ, ಹಣೆ ಚಚ್ಚಿಕೊಂಡಳು.

“ಅಯ್ಯೋ ಅಮ್ಮ! ಪ್ರಳಯ ಬರದೇ ಇದ್ದದ್ದಕ್ಕೂ ನೀನೇ ಕಾರಣಾನಾ?”

“ಮತ್ತೆ? ಯಾರಿಗೂ ಹೇಳಿಲ್ಲ. ಪಾಸ್ಟರ್‌ಗೂ ಹೇಳಿಲ್ಲ.”

“ಹೇಳಬೇಡ. ಪಾಪ, ಅವನು ಇನ್ನೂ ಕೂಡ್ತಾ ಕಳೀತಾ ಇರಲಿ.” ಪುಟ್ಟಿ ಬಾಗಿಲ ಚೌಕಟ್ಟಿಗೆ ಒರಗಿದಳು. “ನೋಡು, ಒಳಗೆ ಬರೋದಾದ್ರೆ ಒಂದು ಮಾತು. ನನ್ನ ಮಗು ಬಗ್ಗೆ, ಕಡೇ ದಿನದ ಬಗ್ಗೆ, ಈ ಕೋಣೇಲಿ ನೀನು ತುಟಿ ಎರಡು ಮಾಡಕೂಡದು. ಇವತ್ತೂ ಅಷ್ಟೆ, ಅದು ಹುಟ್ಟಿದ ಮೇಲೂ ಅಷ್ಟೆ.”

“ನಾನು ನಂಬಲ್ಲ ಅಂತ ಸುಳ್ಳು ಹೇಳಲಾರೆ ಪುಟ್ಟಿ. ಅವನು ಬಂದೇ ಬರ್ತಾನೆ.”

“ನಂಬು. ಯಾರು ಬೇಡ ಅಂದ್ರು? ಬಾಯಿ ಮುಚ್ಕೊಂಡು ನಂಬು.”

ಟೈಲರಮ್ಮ ಯೋಚಿಸಿದಳು. ಕಷ್ಟವಾದ ಕರಾರೇ. ಆಮೇಲೆ ತಲೆಯಾಡಿಸಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಸಂಜೆ ಅಳಿಯ ಹೆಗಲಿಗೆ ಚೀಲ, ಕೈಯಲ್ಲಿ ವೈರಿನ ಸುರುಳಿ ಹಿಡಿದು ಬೇಕರಿಯ ಮೆಟ್ಟಿಲ ಬುಡಕ್ಕೆ ಬಂದಾಗ ಮೇಲಿನಿಂದ ಗಲಾಟೆ ಕೇಳಿಸಿತು.

“ಇಷ್ಟು ಸೋಪು ಹಾಕಿ ಯಾರೇ ಬಟ್ಟೆ ನೆನೆಸ್ತಾರೆ? ನೊರೆ ಹೋಗೋಕೆ ಒಂದು ಕೆರೆ ನೀರು ಬೇಕು.”

“ನಾನು ನೆನೆಸೋದು ಹೀಗೇ. ನೀನು ಕೈ ಹಾಕಬೇಡ.”

“ಬಗ್ಗಬೇಡ ಅಂದೆ! ಈ ಹೊಟ್ಟೆ ಇಟ್ಕೊಂಡು ಬಗ್ತಾಳೆ. ಸರಿ ಆ ಕಡೆ.”

“ನನ್ನ ಮನೆ, ನನ್ನ ಬಕೆಟ್ಟು!”

ಅಳಿಯ ಎರಡು ಮೆಟ್ಟಿಲು ಹತ್ತಿದವನು ನಿಂತ. ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. ಸೋಪಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಹಿಂಡುವ ರೀತಿಗೆ, ಅಲ್ಲಿಂದ ಅವನು ಒಣಹಾಕಲು ಕಟ್ಟಿದ ವಾಲಿದ ತಂತಿಗೆ ಜಗಳ ಹೊರಳಿತು. ದೇವರ ಹೆಸರು ಒಮ್ಮೆಯೂ ಬರಲಿಲ್ಲ.

ಅವನು ಕೆಳಗಿಳಿದು ಬಂದು, ಬೇಕರಿಯ ಬೆಂಚಿನ ಮೇಲೆ ಚೀಲ ಇಳಿಸಿ, ಚಹಾ ಕೊಡಿ ಎಂದ.

“ಮೇಲೆ ಹೋಗಲ್ವಾ?” ಕೇಳಿದ ಬೇಕರಿಯವನು.

“ಈಗ ಬೇಡ” ಎಂದ ಅಳಿಯ. “ಚೆನ್ನಾಗಿ ನಡೀತಿದೆ.”